ಒಂದು ಕಡಿಮೆ

ಎರಡನೇ ಪಾಳಿಯ ಸೈರನ್ ಕೂಗಿದ ಮೇಲೆ
ಅಪ್ಪ ಕಿಟಕಿ ಹಾಕುತ್ತಿದ್ದ.
ಹಟ್ಟಿ ಕ್ಯಾಂಪಿನ ಕ್ವಾರ್ಟರ್ಸು, ಇದ್ದದ್ದೊಂದೇ ಫ್ಯಾನು,
ಅದನ್ನೂ ಆರಿಸುತ್ತಿದ್ದ, ಮದ್ದು ಹಾರೀತು ಅಂತ.
ಮೇ ತಿಂಗಳು. ಬೆವರು ಮೂಗಿನ ತುದಿಗೆ ಬಂದು
ಬೀಳಲೋ ಬೇಡವೋ ಅಂತ ನಿಂತಿರುತ್ತಿತ್ತು.

ಊಟದ ಮಣೆಯ ಮೇಲೆ ಹಳೇ ಪೇಪರು,
ಅದರ ಮೇಲೆ ಗಾಜಿನ ಪೆಟ್ಟಿಗೆಯ ತಕ್ಕಡಿ.
ಲ್ಯಾಬಿಗೆ ಹೊಸದು ಬಂದಾಗ ಹರಾಜಿನಲ್ಲಿ ಹಿಡಿದದ್ದು.
ಬರೀ ಕಾಗದವನ್ನೂ, ಅದೇ ಕಾಗದದ ಮೇಲೆ ಹೆಸರು ಬರೆದರೆ ಅದನ್ನೂ
ಬೇರೆ ಬೇರೆ ತೂಗಬಲ್ಲದು ಅಂತ ಅವನ ಹೆಮ್ಮೆ.

ಹದಿನೆಂಟು ವರ್ಷ ಅದರಲ್ಲಿ ಬಂಗಾರ ತೂಗಿದ,
ಒಂದು ಗುಂಜಿ ಮನೆಗೆ ಬರಲಿಲ್ಲ.
ಬಂದದ್ದು ಒಂದು ಚೀಟಿ:
"ನಾಳಿಂದ ಚೂರು ಕಡಿಮಿ ಬರಿ. ಮಗಳದಾಳ ನಿನಗ."
ಅಪ್ಪ ಇದ್ದಷ್ಟೇ ಬರೆದ.
ಆಮೇಲೆ ರಾಯಚೂರಿಗೆ ಹೋಗಿ ಲೈಸೆನ್ಸಿಗೆ ಅರ್ಜಿ ಕೊಟ್ಟ.

ಪಿಸ್ತೂಲು ಅಂದರೆ ಎಷ್ಟು, ಅವನ ಕನ್ನಡಕದ ಡಬ್ಬಿಯಷ್ಟು.
ಅಂಗಿ ಜೇಬಿನಲ್ಲಿ ಬೀಡಿಕಟ್ಟಿನಂಥ ಉಬ್ಬು.
"ಅಮರಗುಂಡಪ್ಪನ ಹೆಸರಿನಾಗ ಗುಂಡೂ ಐತಿ,
ಗುಂಡಿನ ಮುಂದ ಅಮರನೂ ಅದಾನ, ಇನ್ನೇನು ಬೇಕು?"
ಕ್ಯಾಂಟೀನಿನಲ್ಲಿ ನಗುತ್ತಿದ್ದರು.
ಅಂಥ ಸಣ್ಣ ಗುಂಡು ಯಾವ ಅಂಗಡಿಯಲ್ಲೂ ಇರಲಿಲ್ಲ.
ಹೈದರಾಬಾದಿನವನು ಮುಂದಿನ ತಿಂಗಳು, ಮುಂದಿನ ತಿಂಗಳು ಅನ್ನುತ್ತ
ಮೂರು ವರ್ಷ ದಾಟಿಸಿದ.
ಹಾಗಾಗಿ ಈ ಕಿಟಕಿ, ಈ ಸೆಕೆ, ಈ ಚಿಟಿಕೆ ಮದ್ದು,
ಅಲಸಂದಿ ಕಾಳಿನಂಥ ಸೀಸ.

ಖಾಲಿ ಕೋಶ ಹುಡುಕುವುದು ನನ್ನ ಕೆಲಸ.
ಗಣಿಯ ಬೂದಿಗುಡ್ಡದ ಹಿಂದೆ ತಿಂಗಳಿಗೈದು ಹೊಡೆಯುವನು,
ಡಬ್ಬಿಗೆ ಒಂದೂ ತಗಲದು.
ಜಾಲಿಯ ಬುಡದಲ್ಲಿ ಮೊಣಕೈ ಗೀರಿಸಿಕೊಂಡು ನಾನು
ಹಿತ್ತಾಳೆ ಆರಿಸುವೆನು. ತುಟಿಗಿಟ್ಟು ಊದಿದರೆ
ಗುಬ್ಬಿಗಿಂತ ಸಣ್ಣ ದನಿ.

ನಾಲ್ಕಕ್ಕೆ ನೆಲದೊಳಗೆ ಬ್ಲಾಸ್ಟಿಂಗು.
ಗೂಡಿನ ತಾಟು, ಚರಿಗೆ, ಎಲ್ಲಾ ಒಮ್ಮೆ ಗುನುಗುವವು.
ಅಪ್ಪ ಎರಡೂ ಕೈ ತೊಡೆಯ ಮೇಲಿಟ್ಟು
"ಮುಳ್ಳು ನಿಲ್ಲಲಿ" ಅನ್ನುವನು.
ಕಾಲ ಕೆಳಗೆ ಅಷ್ಟೊಂದು ಸಿಡಿದು ಮುಗಿಯುವ ತನಕ
ಮಣೆಯ ಮೇಲಿನ ಇಷ್ಟೇ ಇಷ್ಟು ಕಾಯುತ್ತಿತ್ತು.

ಒಂದು ಸಲ ಒಂದು ಕೋಶ ತೂಕ ತಪ್ಪಿತು.
ಖಾಲಿ ಇದ್ದದ್ದೇ ಹೆಚ್ಚು ತೂಗಿತು.
ಮತ್ತೆ ಇಟ್ಟ. ಮತ್ತೆ ಹೆಚ್ಚು.
ಬೆಳಕಿಗೆ ಹಿಡಿದ: ಬಾಯಂಚಿಗೆ ಕೆಂಪು.
ಒಳಗೆ ಅವ್ವ ರೊಟ್ಟಿ ಬಡಿಯುವುದು ನಿಂತಿತು.
"ಆದೆಮ್ಮನ ಕುಂಕುಮ ಅದ್ಹೆಂಗ ಅಷ್ಟು ದುಂಡಗ?"
ಇಡೀ ಲೈನಿನ ಹೆಂಗಸರು ಕೇಳುತ್ತಿದ್ದದ್ದಕ್ಕೆ
ಉತ್ತರ ತಕ್ಕಡಿಯಲ್ಲಿತ್ತು.

ಬೈಗುಳಕ್ಕೆ ಕಾದೆ.
ಅಪ್ಪ ಲೆಕ್ಕದ ವಹಿ ತೆಗೆದು, ಪೆನ್ಸಿಲು ನಾಲಿಗೆಗೆ ತಾಗಿಸಿ,
ಬರೆದ: "ಕುಂಕುಮ. ಸಾಸಿವೆಗಿಂತ ಚೂರು ಕಡಿಮೆ."
ಆ ಕೋಶ ತುಂಬಲಿಲ್ಲ. ಒರೆಸಲೂ ಇಲ್ಲ.
ಕನ್ನಡಿಯ ಗೂಡಿನಲ್ಲಿಟ್ಟು ಬಂದು
ಮುಂದಿನದನ್ನು ಎತ್ತಿಕೊಂಡ.

ಹೋದ ಚುನಾವಣೆಗೆ ಪಿಸ್ತೂಲು ಠಾಣೆಗೆ ಜಮಾ ಆಯಿತು,
ಎಲ್ಲರದ್ದೂ ಆಗುವಂತೆ.
ಮತ ಎಣಿಸುವ ಮೊದಲೇ ಅಪ್ಪ ಹೋದ.
ಯಾರೂ ಹಿಂದಿನಿಂದ ಬರಲಿಲ್ಲ. ಬರೀ ಕೆಮ್ಮು.

ರಸೀದಿ ಹಿಡಿದು ನಾನೇ ಹೋದೆ, ಬೇಡ ಅಂತ ಬರೆದುಕೊಡಲು.
ಮನೆಯಲ್ಲಿ ಉಳಿದಿದ್ದ ಡಬ್ಬಿಯನ್ನೂ, ವಹಿಯನ್ನೂ
ಮೇಜಿನ ಮೇಲಿಟ್ಟೆ.
ರೈಟರ್ ಯಂಕೋಬ ತುಂಬಿದ್ದು, ಖಾಲಿ, ಎಲ್ಲಾ ಎಣಿಸಿದ.
ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ.
"ವಹಿಯಾಗ ನಲವತ್ತು ಅದಾವ. ಇಲ್ಲಿ ಮೂವತ್ತೊಂಬತ್ತು.
ಒಂದು ಕಡಿಮಿ ಐತಲ್ಲ ತಂಗಿ?"

ತಕ್ಕಡಿಯವನ ಮಗಳು.
"ಕಡಿಮಿ ಐತ್ರಿ," ಅಂದೆ. "ಹಂಗೇ ಬರ್ಕೊಳ್ರಿ."

ಮನೆಗೆ ಬಂದರೆ ಅವ್ವ ಕನ್ನಡಿಯ ಮುಂದೆ.
ತಿಂಗಳಿನಿಂದ ಖಾಲಿ ಇದ್ದ ಹಣೆ.
ಹಿತ್ತಾಳೆಯ ಬಾಯಿ ಭರಣಿಯಲ್ಲಿ ಅದ್ದಿ ಎತ್ತಿದ್ದಳು,
ಅಷ್ಟರಲ್ಲಿ ತಾಟುಗಳು ಗುನುಗಿದವು.
ಕೈ ಅಲ್ಲೇ ತಡೆದಳು,
ಮುಳ್ಳು ನಿಲ್ಲಲಿ ಅಂತ.